ಗೋಡೆಯ ಮೇಲಿನ ಪರವಾನಗಿ

ಕಳೆದ ಚಳಿಗಾಲದಲ್ಲಿ ನಮ್ಮ ಕತ್ತು ಹಿಡಿದುಕೊಂಡಿತು. ದೆಹಲಿಯ ಚಳಿಯೋ, ಬಸ್ಸಿನ ಕಿಟಕಿಯ ಗಾಳಿಯೋ, ದಿನವಿಡೀ ಕಂಪ್ಯೂಟರಿನ ಮುಂದೆ ಬಗ್ಗಿ ಕುಳಿತದ್ದೋ, ಅಂತೂ ಎಡಗಡೆಯಿಂದ ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಿ ಓಗೊಡಬೇಕಾದ ಸ್ಥಿತಿ ಬಂತು. ಡಾಕ್ಟರು ಮೂರು ದಿನದ ಮಾತ್ರೆ ಕೊಟ್ಟರು. ನಾಲ್ಕನೆಯ ದಿನ ನೋವು ಮರಳಿ ಬಂತು. ಆಗ ನೆರೆಮನೆಯ ಪಂಜಾಬಿ ಮಿತ್ರರೊಬ್ಬರು ಮಾರುಕಟ್ಟೆಯ ಎರಡನೆಯ ಅಂತಸ್ತಿನಲ್ಲಿದ್ದ ಮಾಲೀಸು ಕೇಂದ್ರವೊಂದನ್ನು ತೋರಿಸಿಕೊಟ್ಟರು. ಹೊರಗೆ ಧನ್ವಂತರಿಯ ಚಿತ್ರ, ಒಳಗೆ ಕೊಳಲಿನ ಸಂಗೀತ, ಮೇಜಿನ ಹಿಂದಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಕಾಗದ. ಸರ್ಕಾರಿ ಮೊಹರು ಕಂಡರೆ ನಮ್ಮಂಥ ಗುಮಾಸ್ತರಿಗೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ಅದರಲ್ಲಿ ಏನು ಬರೆದಿದೆ ಎಂದು ನಾವು ಓದಲಿಲ್ಲ. ಕಾಗದವೊಂದು ಇದೆ ಎಂಬುದಷ್ಟೇ ಸಾಕಾಯಿತು.

ಮೊದಲ ದಿನ ಸೊಗಸಾಗಿತ್ತು. ಎರಡನೆಯ ದಿನ ಸುಮಾರು ಇಪ್ಪತ್ತು ವರ್ಷದ ಹುಡುಗನೊಬ್ಬ ಬಿಸಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಗಂಟನ್ನು ನಮ್ಮ ಹೆಗಲ ಮೇಲೆ ಒತ್ತಿದ. ಚುರ್ ಎಂದಿತು. ಬಿಸಿ ಹೆಚ್ಚಾಯಿತಪ್ಪ ಎಂದೆವು. ಸ್ವಲ್ಪ ಸಹಿಸಿಕೊಳ್ಳಿ ಸಾಬ್, ಆಗಲೇ ಗುಣವಾಗುವುದು ಎಂದ. ಸಂಜೆಯ ಹೊತ್ತಿಗೆ ಹೆಗಲ ಮೇಲೆ ನಾಣ್ಯದಗಲ ಮೂರು ಬೊಬ್ಬೆಗಳೆದ್ದವು. ಮಾರನೆಯ ದಿನ ಜಗಳಕ್ಕೆಂದೇ ಹೋದೆವು. ಮೇಜಿನ ಹಿಂದಿದ್ದ ಮನುಷ್ಯ ಬಹಳ ಶಾಂತವಾಗಿ, “ಯಾವ ಹುಡುಗ?” ಎಂದು ಕೇಳಿದ. ನಮ್ಮ ಬಾಯಿ ಕಟ್ಟಿತು. ಎರಡು ದಿನ ಕತ್ತನ್ನು ಒಪ್ಪಿಸಿ ಮಲಗಿದ್ದೆವು, ಆ ಕೇಂದ್ರದಲ್ಲಿ ಒಬ್ಬನ ಹೆಸರನ್ನೂ ಕೇಳಿರಲಿಲ್ಲ. “ಹುಡುಗರು ಬರುತ್ತಿರುತ್ತಾರೆ, ಹೋಗುತ್ತಿರುತ್ತಾರೆ. ನಮ್ಮಲ್ಲಿ ಎಲ್ಲವೂ ಕಾನೂನಿನ ಪ್ರಕಾರವೇ ಇದೆ, ಲೈಸೆನ್ಸು ನೋಡಿ” ಎಂದು ಗೋಡೆ ತೋರಿಸಿದ. ಆಗ ಮೊದಲ ಬಾರಿಗೆ ಆ ಕಾಗದವನ್ನು ಓದಿದೆವು. ಮಾಲೀಕರ ಹೆಸರು, ಅಂಗಡಿಯ ವಿಳಾಸ, ಕಟ್ಟಿದ ಶುಲ್ಕ, ಎಂದಿನವರೆಗೆ ಊರ್ಜಿತ ಎಂಬ ತಾರೀಖು. ನಮ್ಮ ಹೆಗಲನ್ನು ಸುಟ್ಟ ಕೈಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮನೆಗೆ ಬಂದು ಹೇಳಿಕೊಂಡಾಗ ನಮ್ಮಾಕೆ ಬೊಬ್ಬೆಗೆ ಮುಲಾಮು ಹಚ್ಚುತ್ತ ಅಂದದ್ದು ಇಷ್ಟು: “ಅಲ್ರೀ, ಹತ್ತು ರೂಪಾಯಿ ಸೊಪ್ಪು ತರೋವಾಗ ಎಲೆ ಎಲೆ ಬಿಡಿಸಿ ನೋಡ್ತೀರಿ. ಕತ್ತು ಕೊಡೋವಾಗ ಯಾರ ಕೈಗೆ ಕೊಡ್ತಾ ಇದೀನಿ ಅಂತ ಕೇಳಬಾರದಾಗಿತ್ತೇ?”

ಬೊಬ್ಬೆ ಒಂದು ವಾರದಲ್ಲಿ ಒಣಗಿತು. ಆ ಪ್ರಶ್ನೆ ಇನ್ನೂ ಒಣಗಿಲ್ಲ. ಅಪರಿಚಿತರ ಕೈಗೆ ಮೈಯೊಪ್ಪಿಸುವಾಗ ನಾವು ನಂಬುವುದು ಯಾರನ್ನು? ಆ ನಂಬಿಕೆಗೆ ನಗರಸಭೆಯು ಜಾಮೀನು ನಿಲ್ಲಬಲ್ಲುದೇ? ನಿಲ್ಲುವುದಾದರೆ ಯಾವುದಕ್ಕೆ, ಎಷ್ಟರಮಟ್ಟಿಗೆ? ವಾಚಕ ಮಿತ್ರರೊಂದಿಗೆ ಇದನ್ನು ಸ್ವಲ್ಪ ವಿಚಾರ ಮಾಡಬೇಕೆನ್ನಿಸಿದೆ.

ಊರಿನಲ್ಲಿದ್ದಾಗ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ನಮ್ಮ ತುಮಕೂರು ಸೀಮೆಯ ಹಳ್ಳಿಯಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರೆರೆಯಲು ಒಬ್ಬ ಮುದುಕಿ ಬರುತ್ತಿದ್ದಳು. ಬಚ್ಚಲಿನಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಹಂಡೆಯ ನೀರನ್ನು ಮೊದಲು ತನ್ನ ಮೊಣಕೈಯ ಮೇಲೆ ಸುರಿದು ನೋಡಿ, ಆಮೇಲೆ ಕೂಸಿಗೆ ಹೊಯ್ಯುತ್ತಿದ್ದಳು. ಉಳುಕು ತೆಗೆಯುವವನು ಬೇರೊಬ್ಬ, ಮೂಳೆ ಕಟ್ಟುವವನು ಪಕ್ಕದ ಊರಿನವನು. ಅವರಲ್ಲಿ ಯಾರ ಬಳಿಯೂ ಕಾಗದವಿರಲಿಲ್ಲ. ಆದರೆ ಆ ಮುದುಕಿಯ ಹೆಸರು, ಅವಳಿಗೆ ಕೆಲಸ ಕಲಿಸಿದ ತಾಯಿಯ ಹೆಸರು, ಅವಳ ಮನೆಯ ದಾರಿ ಊರಿಗೆಲ್ಲ ಗೊತ್ತಿತ್ತು. ಕೈ ತಪ್ಪಿದರೆ ಮಾರನೆಯ ಬೆಳಿಗ್ಗೆ ಅದೇ ಬಾವಿಕಟ್ಟೆಯಲ್ಲಿ ಅದೇ ಜನರಿಗೆ ಮುಖ ತೋರಿಸಬೇಕಾಗಿತ್ತು. ಊರಿನ ನೆನಪೇ ಆಗ ರಿಜಿಸ್ಟರು.

ಅಂಥ ನಂಬಿಕೆಯ ದೊಡ್ಡ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಓದುಬರಹ ಕಲಿತವರಲ್ಲ; 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರೆಂದು ನಾಡಿಗೆಲ್ಲ ಗೊತ್ತಿದ್ದವರು. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ತಾಯಿ ನಮ್ಮ ಮಾರುಕಟ್ಟೆಯಲ್ಲಿ ಬಾಣಂತಿಯರ ಎಣ್ಣೆನೀರಿಗೆಂದು ಒಂದು ಕೋಣೆ ತೆರೆಯಲು ಹೊರಟಿದ್ದರೆ ಅರ್ಜಿಯ ವಿದ್ಯಾರ್ಹತೆಯ ಕಲಮಿನಲ್ಲಿ ಏನು ತುಂಬುತ್ತಿದ್ದರು? ಕಲಮು ಖಾಲಿಯಿದ್ದರೆ ನಮ್ಮಂಥ ಗುಮಾಸ್ತನೊಬ್ಬ ಷರಾ ಬರೆದು ಅರ್ಜಿಯನ್ನು ಹಿಂತಿರುಗಿಸುತ್ತಿದ್ದ. ಅವನ ತಪ್ಪೂ ಅಲ್ಲ. ಕಲಮಿಗೆ ಊರಿನ ನೆನಪನ್ನು ಓದುವ ಶಕ್ತಿಯಿಲ್ಲ.

ಹಾಗೆಂದು ಹಳ್ಳಿಯ ವ್ಯವಸ್ಥೆಯನ್ನು ಹೊಗಳುತ್ತ ಕೂರುವುದು ಪ್ರಾಮಾಣಿಕತೆಯಾಗಲಾರದು. ಆ ಮುದುಕಿ ಎಣ್ಣೆ ಹಚ್ಚುವಾಗ ಮನೆಯ ಒಳಗಿನವಳು; ಊಟದ ಹೊತ್ತಿಗೆ ಹಿತ್ತಿಲಿನವಳು. ಅವಳ ಲೋಟ ಬೇರೆ, ಅವಳು ಕೂರುವ ಜಾಗ ಬೇರೆ. ಅವಳಿಗೆ ಸಿಗುತ್ತಿದ್ದುದು ಒಂದು ಸೇರು ರಾಗಿ, ಹಳೆಯ ಸೀರೆ. ಬೇಡವೆಂದರೆ ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಅವಳಿಗಿರಲಿಲ್ಲ. ಅವಳ ಕೈಯನ್ನು ಊರು ನಂಬಿತ್ತು, ಅವಳನ್ನು ಮಾತ್ರ ಸಮಾನಳೆಂದು ಕಂಡಿರಲಿಲ್ಲ. ಆ ದೃಷ್ಟಿಯಿಂದ ಮುನಿಸಿಪಾಲಿಟಿಯ ಅರ್ಜಿ ದೊಡ್ಡ ಮುನ್ನಡೆಯೇ ಸರಿ. ಅದು ಜಾತಿ ಕೇಳುವುದಿಲ್ಲ. ಶುಲ್ಕ ಕಟ್ಟಿದ ಯಾರಿಗಾದರೂ ಬಾಗಿಲು ತೆರೆಯುವ ಹಕ್ಕನ್ನು ಕೊಡುತ್ತದೆ.

ಈಗ ನಗರದ ಸಂಗತಿಗೆ ಬರೋಣ. ನಾವು ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು. ಆ ಹುಡುಗನೂ ಹೊಟ್ಟೆಪಾಡಿಗೆ ಬಂದವನು. ಅವನ ಊರು ನಮಗೆ ತಿಳಿಯದು, ನಮ್ಮದು ಅವನಿಗೆ. ಇಬ್ಬರಿಗೂ ಸಮಾನವಾದ ಬಾವಿಕಟ್ಟೆ ಈ ಮಹಾನಗರದಲ್ಲಿಲ್ಲ. ಅದಕ್ಕಾಗಿಯೇ ನಗರವು ಇಬ್ಬರ ನಡುವೆ ನಿಂತು, “ಇವರನ್ನು ನಾನು ಬಲ್ಲೆ, ನೀವು ಒಳಗೆ ಹೋಗಬಹುದು” ಎಂದು ಹೇಳಬೇಕಾಗುತ್ತದೆ. ಪರವಾನಗಿಯ ನಿಜವಾದ ಅರ್ಥ ಇದೇ ಎಂದು ನಮ್ಮ ಭಾವನೆ. ಪರಿಚಯ ಇರಬೇಕಾದ ಜಾಗದಲ್ಲಿ ನಿಂತ ಕಾಗದ ಅದು. ಹಾಗಿದ್ದ ಮೇಲೆ ಪರಿಚಯಸ್ಥರು ಕೇಳುತ್ತಿದ್ದುದನ್ನೇ ಅದೂ ಕೇಳಬೇಕಲ್ಲವೇ? ಇದು ಯಾರ ಕೈ, ಎಲ್ಲಿ ಪಳಗಿತು, ತಪ್ಪಾದರೆ ನಾಳೆ ಎಲ್ಲಿ ಸಿಗುತ್ತದೆ?

ನಮ್ಮ ಪುರಸಭೆಗಳ ಕಾನೂನು ಹುಟ್ಟಿದ್ದು ಬೇರೆ ಚಿಂತೆಯಿಂದ. 1957ರ ದೆಹಲಿ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯನ್ನೇ ನೋಡಿ. ಪ್ರಾಣಕ್ಕೆ, ಆರೋಗ್ಯಕ್ಕೆ, ಆಸ್ತಿಗೆ ಅಪಾಯಕರವಾದ ಅಥವಾ ನೆರೆಹೊರೆಗೆ ಉಪದ್ರವವಾಗುವ ಕಸುಬುಗಳಿಗೆ ಪರವಾನಗಿ ಬೇಕೆಂಬುದು ಅದರ ಧೋರಣೆ. ಹೊಗೆ, ದುರ್ನಾತ, ಬೆಂಕಿ, ಚರಂಡಿ ಇವು ಅದರ ಕಣ್ಣ ಮುಂದಿದ್ದ ವಿಷಯಗಳು. ಒಬ್ಬ ಮನುಷ್ಯ ಇನ್ನೊಬ್ಬನ ಮೈಯನ್ನು ಮುಟ್ಟುವ ಕಸುಬನ್ನು ಈ ಅಳತೆಗೋಲಿನಿಂದ ಅಳೆಯುವುದು ಕಷ್ಟ. ಕೋಣೆಯ ಚದರಡಿ ಸಿಗುತ್ತದೆ, ಕೈಯ ಗುಣ ಸಿಗುವುದಿಲ್ಲ.

2021ರಲ್ಲಿ ದೆಹಲಿಯಲ್ಲಿ ಮಾಲೀಸು ಕೇಂದ್ರಗಳಿಗೂ ಸ್ಪಾಗಳಿಗೂ ಹೊಸ ನಿಯಮಾವಳಿ ಬಂತು. ಅದರ ಕಲಮುಗಳು ವಿವರವಾಗಿದ್ದವು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ಬಾಗಿಲು. ಗಂಡಸಿಗೆ ಗಂಡಸೇ, ಹೆಂಗಸಿಗೆ ಹೆಂಗಸೇ ಮಾಲೀಸು ಮಾಡತಕ್ಕದ್ದು. ಕೋಣೆಗಳಿಗೆ ಒಳಗಿನಿಂದ ಚಿಲಕವಿರಕೂಡದು. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮಾತ್ರ ವ್ಯಾಪಾರ. ಬಂದವರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದಿಡಬೇಕು. ಕೆಲಸಗಾರರಿಗೆ 18 ವರ್ಷ ತುಂಬಿರಬೇಕು; ಮಾಲೀಸು ಮಾಡುವವರು ಫಿಸಿಯೋಥೆರಪಿ, ಆಕ್ಯುಪ್ರೆಶರ್ ಮುಂತಾದವುಗಳಲ್ಲಿ ಮಾನ್ಯತೆ ಪಡೆದ ಪ್ರಮಾಣಪತ್ರ ಹೊಂದಿರಬೇಕು. ಕೈಯ ಪ್ರಶ್ನೆಯೂ ಅದರಲ್ಲಿ ಇತ್ತೆಂಬುದನ್ನು ಒಪ್ಪಬೇಕು. ಆದರೆ ಪತ್ರಿಕೆಗಳಲ್ಲಿ, ನ್ಯಾಯಾಲಯದಲ್ಲಿ, ನಮ್ಮ ಕಚೇರಿಯ ಚಹದ ಅಂಗಡಿಯ ಮುಂದೆ ಚರ್ಚೆಯಾದದ್ದೆಲ್ಲ ಗಂಡು ಹೆಣ್ಣಿನ ವಿಷಯ, ಚಿಲಕದ ವಿಷಯ. ಪ್ರಮಾಣಪತ್ರದ ಬಗ್ಗೆ ಒಬ್ಬರೂ ದನಿಯೆತ್ತಿದ್ದನ್ನು ನಾವು ಕೇಳಲಿಲ್ಲ.

ಈ ನಿಯಮಗಳ ಹಿಂದಿನ ಆತಂಕ ಸುಳ್ಳಲ್ಲ. ಮಾಲೀಸಿನ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳನ್ನು ದೂರದ ಊರುಗಳಿಂದ ತಂದು ಮಾರುವ ದಂಧೆ ನಮ್ಮ ನಗರಗಳಲ್ಲಿದೆ. ಅದನ್ನು ಹಿಡಿಯಲು 1956ರ ಅನೈತಿಕ ವ್ಯಾಪಾರ ತಡೆ ಕಾಯಿದೆ ಇದೆ, ಪೊಲೀಸರಿದ್ದಾರೆ. ಆದರೆ ಆ ದಂಧೆಯ ಭಯದಿಂದ ಇಡೀ ಕಸುಬನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುವುದು ಸರಿಯೇ? 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರೇಖಾ ಪಲ್ಲಿಯವರು ಗಂಡು ಹೆಣ್ಣಿನ ನಿಷೇಧಕ್ಕೆ ತಡೆಯಾಜ್ಞೆ ನೀಡಿದರು. ವೇಶ್ಯಾವಾಟಿಕೆಯನ್ನು ತಡೆಯುವ ಉದ್ದೇಶಕ್ಕೂ ಈ ನಿಷೇಧಕ್ಕೂ ಸಮಂಜಸವಾದ ಸಂಬಂಧ ಕಾಣುವುದಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಜೊತೆಗೆ, ಪರವಾನಗಿಯಿಲ್ಲದೆ ನಡೆಯುವ ಕೇಂದ್ರಗಳನ್ನು ಪರಿಶೀಲಿಸಿ ಕ್ರಮ ಕೈಗೊಳ್ಳಬೇಕೆಂದೂ ಸೂಚಿಸಿದರು.

ಅದೇ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನಲ್ಲೂ ಇದೇ ವಿಷಯ ಬಂದಿತ್ತು. ಅಲ್ಲಿ ನ್ಯಾಯಮೂರ್ತಿ ಎಸ್. ಎಂ. ಸುಬ್ರಹ್ಮಣ್ಯಂ ಅವರು ತಮಿಳುನಾಡಿನ ಮಾಲೀಸು ಕೇಂದ್ರಗಳಲ್ಲಿ ಕ್ಯಾಮರಾಗಳನ್ನು ಇಡಿಸಬೇಕೆಂದು ಆದೇಶಿಸಿದರು. ಕೆಲವೇ ದಿನಗಳಲ್ಲಿ, 2022ರ ಜನವರಿಯಲ್ಲಿ, ಅದೇ ಹೈಕೋರ್ಟಿನ ಮದುರೆ ಪೀಠದ ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್ ಅವರು ಬೇರೆ ಅಭಿಪ್ರಾಯ ತಳೆದರು. ಅನೈತಿಕ ಚಟುವಟಿಕೆ ನಡೆಯಬಹುದೆಂಬ ಬರಿಯ ಅನುಮಾನದ ಮೇಲೆ ಮನುಷ್ಯನ ಏಕಾಂತದೊಳಗೆ ನುಗ್ಗಲಾಗದೆಂದರು. ಅದಕ್ಕೆ ಅವರು ಆಧಾರವಾಗಿಟ್ಟುಕೊಂಡದ್ದು ಪುಟ್ಟಸ್ವಾಮಿ ಪ್ರಕರಣದ ತೀರ್ಪನ್ನು. ಈ ಹೆಸರು ನಮ್ಮವರದೇ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. ಅವರು ಹಚ್ಚಿದ ದೀಪದ ಬೆಳಕು ಮಾಲೀಸು ಮಂಚದವರೆಗೂ ಬಂದದ್ದು ಕಾನೂನಿನ ಒಂದು ಸೋಜಿಗ.

ಇಬ್ಬರು ವಿದ್ವಾಂಸರು ಒಂದೇ ಬಾಗಿಲ ಮುಂದೆ ನಿಂತು, ಒಬ್ಬರು ಒಳಗೆ ನೋಡಬೇಕೆಂದೂ ಇನ್ನೊಬ್ಬರು ನೋಡಕೂಡದೆಂದೂ ಹೇಳಿದರೆ ನಮ್ಮಂಥವರು ಯಾವ ಕಡೆ ನಿಲ್ಲಬೇಕು? ಈ ವಿಷಯವನ್ನು ನಾವು ಬಹಳ ದಿನ ತಲೆಯಲ್ಲಿ ತಿರುವಿ ನೋಡಿದೆವು. ಮೈಬಿಚ್ಚಿ ಮಲಗಿದವನ ತಲೆಯ ಮೇಲೆ ಕ್ಯಾಮರಾ ಇರುವುದು ನಮಗೆ ಒಪ್ಪಿಗೆಯಿಲ್ಲ. ಆ ಚಿತ್ರ ನಾಳೆ ಯಾರ ಕೈಗೆ ಬೀಳುವುದೋ ಯಾರು ಬಲ್ಲರು. ಆದರೆ ಒಳಗಿನ ಚಿಲಕದ ವಿಷಯ ಬೇರೆ. ಆ ಕೋಣೆಯಲ್ಲಿ ಇಬ್ಬರಿದ್ದಾರೆ. ದುಡ್ಡು ಕೊಟ್ಟು ಬಂದವನ ಏಕಾಂತವನ್ನೇ ನಾವು ನೆನೆಯುತ್ತೇವೆ. ದಿನಕ್ಕೆ ಹಲವು ಅಪರಿಚಿತರೊಂದಿಗೆ ಒಬ್ಬಳೇ ಆ ಕೋಣೆಯಲ್ಲಿರಬೇಕಾದ ಕೆಲಸದ ಹೆಣ್ಣುಮಗಳು ಅಗತ್ಯ ಬಿದ್ದರೆ ಒಂದೇ ಹೆಜ್ಜೆಗೆ ಹೊರಗೆ ಬರುವಂತಿರಬೇಕು. ಚಿಲಕವಿಲ್ಲದ ಬಾಗಿಲು ಅವಳ ರಕ್ಷಣೆ. ಆದ್ದರಿಂದ ಕ್ಯಾಮರಾವೂ ಬೇಡ, ಚಿಲಕವೂ ಬೇಡ ಎಂಬಲ್ಲಿಗೆ ನಾವು ಬಂದು ನಿಂತೆವು. ಮುಂಬಯಿಯ ಚೌಪಾಟಿಯಲ್ಲಿ ಎಣ್ಣೆ ಬಾಟಲಿ ಹಿಡಿದು ತಿರುಗುವ ಮಾಲೀಸಿನವನಿಗೆ ಬಾಗಿಲೇ ಇಲ್ಲ, ಆದ್ದರಿಂದ ಈ ಸಮಸ್ಯೆಯೂ ಇಲ್ಲ.

ಇನ್ನು ಪ್ರಮಾಣಪತ್ರದ ಮಾತು. ಪರವಾನಗಿಗೆ ಇಂಥದೇ ಅರ್ಹತೆ ಬೇಕೆಂದಾಗ ಕೆಲವರಿಗೆ ಅನ್ನ ಸಿಗುತ್ತದೆ, ಕೆಲವರಿಗೆ ತಪ್ಪುತ್ತದೆ. ಹೊರದೇಶಗಳಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿದ್ದಾರೆ. ಜಪಾನಿನಲ್ಲಿ ಅಂಗಮರ್ದನವು ಬಹುಕಾಲದಿಂದ ಅಂಧರ ಕಸುಬು. ಅವರ ಜೀವನೋಪಾಯ ಉಳಿಯಲೆಂದು, ಕಣ್ಣಿರುವವರಿಗೆ ಆ ವಿದ್ಯೆ ಕಲಿಸುವ ಹೊಸ ಶಾಲೆಗಳಿಗೆ ಅನುಮತಿ ನಿರಾಕರಿಸುವ ಅವಕಾಶವನ್ನು 1964ರಲ್ಲಿ ಕಾನೂನಿಗೆ ಸೇರಿಸಿದರು. 2022ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ತೈವಾನಿನಲ್ಲಿ ಅಂಧರಲ್ಲದವರು ಮಾಲೀಸನ್ನು ವೃತ್ತಿಯಾಗಿ ಮಾಡಕೂಡದೆಂಬ ಕಟ್ಟಳೆಯೇ ಇತ್ತು; ಬೇರೆ ಬಡವರ ದುಡಿಮೆಯ ಹಕ್ಕಿಗೆ ಅದು ಅಡ್ಡಿಯೆಂದು 2008ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಎರಡು ದೇಶಗಳ ಉತ್ತರ ಬೇರೆ ಬೇರೆ. ಆದರೆ ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ: ಈ ನಿಯಮದಿಂದ ಯಾರ ಹೊಟ್ಟೆ ತುಂಬುತ್ತದೆ, ಯಾರದು ಖಾಲಿಯಾಗುತ್ತದೆ? ನಮ್ಮಲ್ಲಿ ಡಿಪ್ಲೊಮಾ ಕಡ್ಡಾಯ ಮಾಡುವಾಗ ಕೂಸಿಗೆ ಎಣ್ಣೆ ಹಚ್ಚುವ ದಾಯಿಯನ್ನು ಯಾರಾದರೂ ನೆನೆದರೇ? ಇನ್ನೊಂದು ಕಡೆ, ಏನನ್ನೂ ಕಲಿಯದ ಹುಡುಗನ ಕೈಗೆ ಬಿಸಿ ಗಂಟನ್ನು ಕೊಡುವುದನ್ನು ಯಾರು ತಡೆದರು?

ಇಲ್ಲಿ ಒಂದು ಗೆರೆ ಎಳೆಯಬಹುದೆಂದು ನಮಗೆ ತೋರುತ್ತದೆ. ಹಾಯಾಗಿಸುತ್ತೇನೆ ಎನ್ನುವುದು ಒಂದು ಮಾತು, ರೋಗ ಗುಣಪಡಿಸುತ್ತೇನೆ ಎನ್ನುವುದು ಇನ್ನೊಂದು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿನಿಂದ ಹಿಂದಿರುಗುವಾಗ ದೆಹಲಿ ಹತ್ತಿರವಾಯಿತೆಂದು ಎಷ್ಟೋ ವರ್ಷ ನಮಗೆ ತಿಳಿಸಿದ್ದು ಹಳಿಯ ಪಕ್ಕದ ಗೋಡೆಗಳ ‘ಶರ್ತಿಯಾ ಇಲಾಜ್’ ಬರಹ. ಖಂಡಿತ ಗುಣವೆಂಬ ಆಶ್ವಾಸನೆ, ಆಳೆತ್ತರದ ಅಕ್ಷರಗಳಲ್ಲಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಿಗಳ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಗೋಡೆಗಳಿಗೆ ಅದು ತಿಳಿದಂತಿರಲಿಲ್ಲ. ಗುಣಪಡಿಸುತ್ತೇನೆಂದು ಬೋರ್ಡು ಹಾಕಿದವನಿಂದ ವೈದ್ಯನಿಂದ ಕೇಳುವಷ್ಟೇ ಪುರಾವೆಯನ್ನು ಕೇಳಬೇಕು. ಹಾಯಾಗಿಸುತ್ತೇನೆ ಎನ್ನುವವನಿಂದ ಶುಚಿತ್ವ, ಹೆಸರು, ಯಾರ ಬಳಿ ಎಷ್ಟು ದಿನ ಕಲಿತ ಎಂಬ ಲೆಕ್ಕ, ಬಿಸಿಯನ್ನು ಮೊದಲು ತನ್ನ ಮೈಮೇಲೆ ಪರೀಕ್ಷಿಸುವ ವಿವೇಕ ಇಷ್ಟು ಸಾಕು. ಈ ಮೊಣಕೈಯ ಪರೀಕ್ಷೆಗೆ ಡಿಪ್ಲೊಮಾ ಬೇಕಿಲ್ಲ, ಕಲಿಸುವವರೊಬ್ಬರು ಬೇಕು.

ಹೀಗೆ ಕೇಳುವುದು ಅಸಾಧ್ಯವೇನಲ್ಲ. ಕೇರಳದ ಪ್ರವಾಸೋದ್ಯಮ ಇಲಾಖೆಯವರು ಆಯುರ್ವೇದ ಕೇಂದ್ರಗಳಿಗೆ ಗ್ರೀನ್ ಲೀಫ್, ಆಲಿವ್ ಲೀಫ್ ಎಂಬ ದರ್ಜೆಗಳನ್ನು ಏರ್ಪಡಿಸಿದಾಗ ಮಾನ್ಯ ಪದವಿಯುಳ್ಳ ವೈದ್ಯರ ಮೇಲ್ವಿಚಾರಣೆ, ತರಬೇತಾದ ಮಾಲೀಸಿನವರು, 7 ಅಡಿ ಉದ್ದ 3 ಅಡಿ ಅಗಲದ ಮಂಚ ಎಂದೆಲ್ಲ ಷರತ್ತು ಹಾಕಿದ್ದರು. ದರ್ಜೆ ಬೇಕೆನ್ನುವವರು ಒಪ್ಪಿಕೊಳ್ಳಬೇಕಾದ ಷರತ್ತುಗಳು ಅವು. ಕೈಯ ಬಗ್ಗೆ, ಮಂಚದ ಬಗ್ಗೆ ಅಲ್ಲಿ ಯಾರೋ ಕೂತು ಯೋಚಿಸಿದ್ದರೆಂಬುದು ಓದಿದವರಿಗೆ ತಿಳಿಯುತ್ತದೆ.

ಕೊನೆಗೆ ಆ ಹುಡುಗನ ಬಗ್ಗೆ ಒಂದು ಮಾತು ಉಳಿದಿದೆ. ಸಿಟ್ಟು ಇಳಿದ ಮೇಲೆ ನೆನಪಾದದ್ದು ಇದು. ಆ ದಿನ ಅವನ ಬಲಗೈಯ ಎರಡು ಬೆರಳುಗಳಿಗೆ ಪಟ್ಟಿ ಸುತ್ತಿತ್ತು. ಬಿಸಿ ಗಂಟನ್ನು ಹಿಡಿದು ಹಿಡಿದು ಅವನ ಬೆರಳೇ ಬೆಂದಿದ್ದಿರಬೇಕು. ಪಟ್ಟಿಯೊಳಗಿನ ಬೆರಳಿಗೆ ಬಿಸಿ ಎಷ್ಟೆಂದು ತಿಳಿಯುವುದು ಹೇಗೆ? ಅದು ನಮ್ಮ ಕಣ್ಣಿಗೆ ಬಿದ್ದಿತ್ತು. ನೋಡಿದ್ದೂ ನಾವು ಏನೂ ಕೇಳಲಿಲ್ಲ. ಜಗಳಕ್ಕೆ ಹೋದ ದಿನವೂ ನಮ್ಮ ಹೆಗಲಿನ ಲೆಕ್ಕವನ್ನಷ್ಟೇ ಒಯ್ದಿದ್ದೆವು. ಹಳ್ಳಿಯಲ್ಲಿ ಮುದುಕಿಗೆ ಬೇರೆ ಲೋಟ ಇಟ್ಟವರನ್ನು ಮೇಲೆ ದೂರಿದೆವಲ್ಲ. ಇಲ್ಲಿ ಆ ಹುಡುಗನನ್ನು ಹೆಸರಿಲ್ಲದ ಒಂದು ಕೈಯನ್ನಾಗಿ ಮಾಡಿದವರು ನಾವೇ. ಅಂಗಡಿಯವನು “ಯಾವ ಹುಡುಗ?” ಎಂದು ಕೇಳಿ ಜಾರಿಕೊಳ್ಳಲು ಸಾಧ್ಯವಾದದ್ದು ನಮ್ಮ ಆ ಉದಾಸೀನದಿಂದಲೇ.

ಪರವಾನಗಿ ಎಷ್ಟೇ ಚೆನ್ನಾಗಿರಲಿ, ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬರುತ್ತಾರೆ; ನಾವು ಪ್ರತಿ ವಾರ ಹೋಗುತ್ತೇವೆ. ಬಾವಿಕಟ್ಟೆಯ ಜನರು ಮಾಡುತ್ತಿದ್ದ ಕೆಲಸದಲ್ಲಿ ಸ್ವಲ್ಪವನ್ನಾದರೂ ನಾವು ಮಾಡಬೇಕು. ನಿಮ್ಮ ಹೆಸರೇನು, ಯಾರ ಬಳಿ ಕಲಿತಿರಿ, ಕೈಗೆ ಏನಾಗಿದೆ ಎಂದು ಮಂಚದ ಮೇಲೆ ಮಲಗುವ ಮುನ್ನ ಕೇಳುವುದಕ್ಕೆ ಎರಡು ನಿಮಿಷವೂ ಬೇಡ.

ಈ ಚಳಿಗಾಲದಲ್ಲಿ ಕತ್ತು ಮತ್ತೆ ಸ್ವಲ್ಪ ಮುನಿಸಿಕೊಂಡಿತು. ಬೇರೊಂದು ಕಡೆ ಹೋದೆವು. ಅಲ್ಲಿಯ ಹುಡುಗನನ್ನು ಮೊದಲು ಹೆಸರು ಕೇಳಿದೆವು. ಯಾಕೆ ಸಾಬ್, ಏನಾದರೂ ತಪ್ಪಾಯಿತೇ ಎಂದು ಅವನು ಗಾಬರಿಯಾದ. ತಪ್ಪೇನಿಲ್ಲಪ್ಪ, ಸುಮ್ಮನೆ ಕೇಳಿದೆ ಎಂದೆವು. ಹೆಸರು ಹೇಳಿದ. ಆಮೇಲೆ ಕೇಳದೆಯೇ ಊರನ್ನೂ ಹೇಳಿದ, ಕಸುಬು ಕಲಿಸಿದ ಮಾವನ ಹೆಸರನ್ನೂ ಹೇಳಿದ. ಎಣ್ಣೆಯ ಬಟ್ಟಲಲ್ಲಿ ತನ್ನ ಬೆರಳದ್ದಿ ನೋಡಿ, “ಇಷ್ಟು ಬಿಸಿ ಆಗಬಹುದೇ?” ಎಂದು ಕೇಳಿದ.